ಅಟ್ಟದ ಕೊಬ್ಬರಿ, ಅಂಗೈಯ ಮೊಬೈಲು

ನಮ್ಮ ತಿಪಟೂರು ಸೀಮೆಯಲ್ಲಿ ತೆಂಗಿನಕಾಯಿ ಉಂಡೆಕೊಬ್ಬರಿಯಾಗಲು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕಾಯಬೇಕು. ಆದರೆ ಕೊಬ್ಬರಿ ಮಾರಿದ ಹಣ ಹೊಸ ಮೊಬೈಲಿಗೆ ಒಂದೇ ಗಳಿಗೆಯಲ್ಲಿ ಹೋಗಿಬಿಡುತ್ತದೆ.

2003ರಲ್ಲಿ ಬಂದ ನೋಕಿಯಾ 1100 ನೆನಪಿದೆಯೇ? ಧೂಳು ಹೊಗದ ಕೀಲಿಗಳು, ಕರೆಂಟು ಹೋದಾಗ ಅಟ್ಟ ಹತ್ತಲು ಟಾರ್ಚು, ನಾವೇ ಕಳಚಿ ಹಾಕಬಹುದಾದ ಬ್ಯಾಟರಿ. ಜಗತ್ತಿನಲ್ಲಿ ಸುಮಾರು 25 ಕೋಟಿ ಮಾರಾಟವಾಯಿತು. ನಮ್ಮ ಅಮ್ಮಿ ಅದನ್ನು ಹತ್ತು ವರ್ಷ ಬಳಸಿದರು. ಬದಲಾದದ್ದು ಬ್ಯಾಟರಿ ಮಾತ್ರ.

ಮಕ್ಕಳ ಓದಿಗೆ ಇಂದು ಸ್ಮಾರ್ಟ್‌ಫೋನ್ ಬೇಕಾಗಬಹುದು. ಬೇಡವೆನ್ನುವುದಿಲ್ಲ. ಕೊಳ್ಳುವಾಗ ಎಷ್ಟು ವರ್ಷ ಅಪ್‌ಡೇಟ್ ಸಿಗುತ್ತದೆಂದು ಕೇಳಿ. ಚಾರ್ಜು ನಿಲ್ಲದಿದ್ದರೆ ಮೊದಲು ಬ್ಯಾಟರಿ ಬದಲಿಸಿ.

ಸಹೋದರಿಯರೇ, ನೆರೆಮನೆಯ ಫೋನು ನೋಡಿ ಕಂತು ಕಟ್ಟುವುದು ಇಸ್ರಾಫ್. ಆ ಹಣ ಮಗಳ ಕಾಲೇಜು ಫೀಸಿಗಿರಲಿ.