ಬೆಟ್ಟದ ಸೈಕಲ್ ಕೊಳ್ಳುವ ಮುನ್ನ

ತೆರಕಣಾಂಬಿ ಕಡೆಯ ಭಕ್ತರೊಬ್ಬರು ಕಳೆದ ಕಾರ್ತಿಕದಲ್ಲಿ ಮಂಡಿನೋವೆಂದು ನನ್ನ ಬಳಿಗೆ ಬಂದಿದ್ದರು. ವಯಸ್ಸು ಐವತ್ತೆರಡು, ಆರು ವರ್ಷಗಳಿಂದ ಸಕ್ಕರೆ ಕಾಯಿಲೆ. ನಿತ್ಯ ವ್ಯಾಯಾಮ ಬೇಕೆಂದು ಅವರಿಗೆ ಹೇಳಿದವನು ನಾನೇ. ಆ ಮಾತನ್ನು ಮನಸ್ಸಿಗೆ ತೆಗೆದುಕೊಂಡು, ಅರಿಶಿನ ಮಾರಿದ ಹಣದಲ್ಲಿ ದಪ್ಪ ಟಯರಿನ, ಹಿಂದೆ ಮುಂದೆ ಎರಡೂ ಕಡೆ ಸ್ಪ್ರಿಂಗ್ ಇರುವ ‘ಮೌಂಟನ್ ಬೈಕ್’ ಒಂದನ್ನು ತಂದಿದ್ದರು. ಮೂರು ವಾರ ತುಳಿದರು. “ತುಳಿದಷ್ಟೂ ಮುಂದಕ್ಕೆ ಹೋಗೋದಿಲ್ಲ ಸ್ವಾಮಿ, ನಿಂತಲ್ಲೇ ಕುಣೀತದೆ” ಎಂದರು. ಸೈಕಲ್ಲು ಕೊಟ್ಟಿಗೆ ಸೇರಿತ್ತು, ಸಕ್ಕರೆ ಮತ್ತೆ ಏರಿತ್ತು. ವ್ಯಾಯಾಮ ಮಾಡಿ ಎಂದವನು ಅದರ ಸಾಧನವನ್ನು ಆರಿಸುವ ಬಗೆಯನ್ನು ಹೇಳದೆ ಹೋದೆ. ಔಷಧ ಬರೆದು ಪ್ರಮಾಣ ಬರೆಯದೆ ಬಿಟ್ಟ ಹಾಗಾಯಿತು. ಆ ಕೊರತೆಯನ್ನು ಈ ಸಂಚಿಕೆಯಲ್ಲಿ ತುಂಬಿಕೊಡುತ್ತೇನೆ.

ನಮ್ಮ ಗುಂಡ್ಲುಪೇಟೆ, ಚಾಮರಾಜನಗರ ಸೀಮೆಯ ದಾರಿಗಳನ್ನು ನೆನೆಯಿರಿ. ಊರಿಂದ ಹೊಲಕ್ಕೆ ಹೋಗುವ ಕೆಮ್ಮಣ್ಣಿನ ಓಣಿ, ಕೆರೆಯ ಏರಿ, ಜಲ್ಲಿ ಕಿತ್ತು ಬಂದ ಡಾಂಬರು, ನಡುವೆ ಸಣ್ಣಪುಟ್ಟ ದಿಣ್ಣೆಗಳು. ಇಂಥ ಏರಿಳಿತದ ನೆಲದಲ್ಲಿ ಬಹುದೂರ ಸಾಗುವುದಕ್ಕೆಂದೇ ರೂಪುಗೊಂಡ ಸೈಕಲ್ಲಿಗೆ ಕ್ರಾಸ್‌ಕಂಟ್ರಿ ಮೌಂಟನ್ ಬೈಕ್ ಎನ್ನುತ್ತಾರೆ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಿಂದ ಇದರ ಸ್ಪರ್ಧೆಯೂ ನಡೆಯುತ್ತಿದೆ. ಬಂಡೆಯಿಂದ ಬಂಡೆಗೆ ನೆಗೆಯುವ ಸೈಕಲ್ಲುಗಳ ಜಾತಿಯೇ ಬೇರೆ. ಅಂಗಡಿಯಲ್ಲಿ ಎರಡೂ ಒಂದೇ ಹೆಸರಿನಲ್ಲಿ ನಿಂತಿರುತ್ತವೆ. ನಮ್ಮವರು ಮೋಸಹೋಗುವುದು ಅಲ್ಲಿಯೇ.

ಮೊದಲು ತೂಕ. ಅಲ್ಯೂಮಿನಿಯಂ ಚೌಕಟ್ಟಿನ ಒಳ್ಳೆಯ ಕ್ರಾಸ್‌ಕಂಟ್ರಿ ಸೈಕಲ್ಲು 12ರಿಂದ 14 ಕಿಲೋ ತೂಗುತ್ತದೆ. ಕಾರ್ಬನ್ನಿನ ಸ್ಪರ್ಧಾ ಸೈಕಲ್ಲು 10 ಕಿಲೋ ಆಸುಪಾಸಿನದು. ಅಗ್ಗದ ಉಕ್ಕಿನ ಚೌಕಟ್ಟಿಗೆ ಎರಡು ಸ್ಪ್ರಿಂಗ್ ಸೇರಿಸಿದರೆ 18 ಕಿಲೋ ದಾಟುವುದುಂಟು. ಆದರೆ ಹಗುರದ ಮಹಿಮೆಯನ್ನು ಅಳತೆ ಮೀರಿ ಹೊಗಳುವುದೂ ಸಲ್ಲದು. 70 ಕಿಲೋ ತೂಕದವರು 18 ಕಿಲೋ ಸೈಕಲ್ ಬಿಟ್ಟು 12 ಕಿಲೋದ್ದನ್ನು ಹತ್ತಿದರೆ, ಏರಿನಲ್ಲಿ ಒಟ್ಟು ಭಾರ 88ರಿಂದ 82ಕ್ಕೆ ಇಳಿಯುತ್ತದೆ. ಶ್ರಮದಲ್ಲಿ ನೂರಕ್ಕೆ ಏಳರಷ್ಟು ಉಳಿತಾಯ. ಅದು ಒಳ್ಳೆಯದೇ. ಅಲ್ಲಿಂದ ಮುಂದೆ ಇನ್ನೊಂದು ಕಿಲೋ ಇಳಿಸಲು ಕೇಳುವ ಹಣ ಮಾತ್ರ ವಿಪರೀತ. ಸೊಂಟದ ಸುತ್ತ ಐದಾರು ಕಿಲೋ ಹೆಚ್ಚುವರಿ ಹೊತ್ತವರು ಕಾರ್ಬನ್ನಿಗೆ ಹಣ ಸುರಿಯುವುದನ್ನು ಕಂಡರೆ ನನಗೆ ನಗು ಬರುತ್ತದೆ. ಮೇಲಾಗಿ ಕಾರ್ಬನ್ ಚೌಕಟ್ಟಿಗೆ ಕಲ್ಲು ಬಡಿದು ಬಿರುಕು ಬಿಟ್ಟರೆ ನಮ್ಮೂರಿನ ಬೆಸುಗೆಯವನು ಏನೂ ಮಾಡಲಾರ.

ಮಂಡಿಯನ್ನು ಉಳಿಸುವುದು ಮುಖ್ಯವಾಗಿ ಗೇರು. ಲೆಕ್ಕ ನೋಡಿ. ಹಳೆಯ ಗೇರಿಲ್ಲದ ಸೈಕಲ್ಲಿನಲ್ಲಿ ಪೆಡಲಿನ ಬಳಿಯ ಹಲ್ಲುಗಾಲಿಗೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು ಇವೆಯೆನ್ನಿ. ಪೆಡಲ್ ಒಂದು ಸುತ್ತು ಬಂದರೆ ಸೈಕಲ್ಲು ಸುಮಾರು ಐದೂವರೆ ಮೀಟರ್ ಮುಂದೆ ಹೋಗಬೇಕು. ಸಮನೆಲದಲ್ಲಿ ಅದು ಸೊಗಸು. ಏರಿನಲ್ಲಿ ಇಡೀ ಭಾರ ಮಂಡಿಯ ಮೇಲೆ. ಈಗಿನ 12 ಗೇರಿನ ಕ್ರಾಸ್‌ಕಂಟ್ರಿ ಸೈಕಲ್ಲಿನಲ್ಲಿ ಮುಂದೆ 32 ಹಲ್ಲು, ಹಿಂದಿನ ಅತಿ ದೊಡ್ಡ ಗಾಲಿಗೆ 51 ಹಲ್ಲು ಇದ್ದರೆ, ಒಂದು ಸುತ್ತಿಗೆ ಒಂದೂವರೆ ಮೀಟರಿಗೂ ಕಡಿಮೆ. ಅದೇ ಏರಿನಲ್ಲಿ ಪಾದ ಒತ್ತಬೇಕಾದ ಬಲ ನಾಲ್ಕನೆಯ ಒಂದು ಪಾಲಿನ ಹತ್ತಿರಕ್ಕೆ ಇಳಿಯುತ್ತದೆ. ನಿಧಾನವಾಗುತ್ತದೆ, ನಿಜ, ಆದರೆ ಕೀಲು ಉಳಿಯುತ್ತದೆ. ಆದ್ದರಿಂದ ಅಂಗಡಿಯಲ್ಲಿ ಎಷ್ಟು ಗೇರು ಎಂದು ಕೇಳುವುದನ್ನು ಬಿಟ್ಟು, ಹಿಂದಿನ ದೊಡ್ಡ ಗಾಲಿಗೆ ಎಷ್ಟು ಹಲ್ಲು ಎಂದು ಕೇಳಿ. ಮುಂದಿನದಕ್ಕಿಂತ ಹಿಂದಿನದು ದೊಡ್ಡದಾಗಿರಬೇಕು. ನಿಮಿಷಕ್ಕೆ 70–80 ಸುತ್ತು ಹಗುರವಾಗಿ ತುಳಿಯುವಂತೆ ಗೇರನ್ನು ಬದಲಿಸುತ್ತಿರಬೇಕು. ಹಾಲಿನ ಕ್ಯಾನು ಹೊತ್ತು ಡೈರಿಗೆ ಹೋಗುವವರು ಹೊಸ ಸೈಕಲ್ ಕೊಳ್ಳಬೇಕಾಗಿಯೂ ಇಲ್ಲ. ಹಳೆಯದಕ್ಕೇ ಹೆಚ್ಚು ಹಲ್ಲಿನ ಫ್ರೀವೀಲ್ ಹಾಕಿಸಿದರೆ ಎಷ್ಟೋ ಆರಾಮ.

ಹಿಂದಿನ ಸ್ಪ್ರಿಂಗ್ ನಮಗೆ ಬೇಡ. ಅಗ್ಗದ ಸೈಕಲ್ಲಿನಲ್ಲಿ ಅದು ತುಳಿದ ಬಲವನ್ನೇ ನುಂಗುತ್ತದೆ. ‘ಕುಣೀತದೆ’ ಎಂದು ನಮ್ಮ ಭಕ್ತರು ಹೇಳಿದ್ದು ಇದನ್ನೇ. ಮುಂದಿನ ಫೋರ್ಕಿಗೆ 100 ಮಿಲಿಮೀಟರ್ ಕುಗ್ಗುವಿಕೆ ಸಾಕು. ಗಾಳಿ ತುಂಬುವ ಫೋರ್ಕು ಸ್ಪ್ರಿಂಗಿನದಕ್ಕಿಂತ ಹಗುರ, ನಮ್ಮ ತೂಕಕ್ಕೆ ತಕ್ಕಂತೆ ಹೊಂದಿಸಲೂ ಬರುತ್ತದೆ. ಡಿಸ್ಕ್ ಬ್ರೇಕ್ ಇರಲಿ. ಜಾಲಿಮುಳ್ಳಿನ ನಾಡು ನಮ್ಮದು. ಟ್ಯೂಬ್‌ಲೆಸ್ ಟಯರಿನೊಳಗೆ ಹಾಕುವ ದ್ರವ ಸಣ್ಣ ತೂತುಗಳನ್ನು ತಾನೇ ಮುಚ್ಚುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ ಅದು ಒಣಗಿದೆಯೇ ಎಂದು ನೋಡಿಸಬೇಕು. ಬಿಡಿಭಾಗ ಎಲ್ಲಿ ಸಿಗುತ್ತದೆಂದು ಕೊಳ್ಳುವ ಮೊದಲೇ ಕೇಳಿಕೊಳ್ಳಿ. ಒಂದು ಕೇಬಲ್ಲಿಗಾಗಿ ಮೈಸೂರಿನವರೆಗೆ 60 ಕಿಲೋಮೀಟರ್ ಹೋಗುವುದು ಯಾರಿಗೂ ಬೇಡ.

ಅಳತೆಯ ವಿಷಯದಲ್ಲಿ ನಾಚಿಕೆ ಬೇಡ, ಅಂಗಡಿಯಲ್ಲೇ ಹತ್ತಿ ನೋಡಿ. ನಡುಗಂಬಿಯ ಮೇಲೆ ಕಾಲು ಅಗಲಿಸಿ ನಿಂತರೆ ಕನಿಷ್ಠ ಎರಡು ಇಂಚು ಅಂತರ ಇರಬೇಕು. ಸೀಟಿನ ಮೇಲೆ ಕುಳಿತು, ಕೆಳಗಿರುವ ಪೆಡಲಿನ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಮುಂಗಾಲಿನಿಂದ ತುಳಿಯುವಾಗ ಮಂಡಿ ತುಸು ಬಾಗಿರಬೇಕು. ಸೀಟು ತಗ್ಗಾದರೆ ಮಂಡಿಯ ಮುಂಭಾಗ ನೋಯುತ್ತದೆ, ಎತ್ತರವಾದರೆ ಹಿಂಭಾಗ. ನೆಲಕ್ಕೆ ಎರಡೂ ಕಾಲು ಊರಬೇಕೆಂಬ ಆಸೆಯಿಂದ ಸೀಟು ತಗ್ಗಿಸಿಕೊಂಡವರೇ ನನ್ನಲ್ಲಿಗೆ ಹೆಚ್ಚಾಗಿ ಬರುತ್ತಾರೆ.

ಇನ್ನು ಪ್ರಮಾಣ. ಸುಶ್ರುತರೂ ವಾಗ್ಭಟರೂ ವ್ಯಾಯಾಮವನ್ನು ಅರ್ಧಶಕ್ತಿಯವರೆಗೆ ಮಾತ್ರ ಮಾಡಬೇಕೆಂದಿದ್ದಾರೆ. ಹಣೆ, ಮೂಗು, ಕಂಕುಳಲ್ಲಿ ಬೆವರೊಡೆದು ಬಾಯಿಂದ ಉಸಿರು ಬರತೊಡಗಿದರೆ ಅದೇ ಗುರುತು, ಅಲ್ಲಿಗೆ ನಿಲ್ಲಿಸಬೇಕು. ಚಳಿಗಾಲ, ವಸಂತದಲ್ಲಿ ಅಷ್ಟು; ಬೇಸಿಗೆಯಲ್ಲಿ ಇನ್ನೂ ಕಡಿಮೆ. ಹೊಸಬರಿಗೆ ಮೊದಲ ಎರಡು ವಾರ ಇಪ್ಪತ್ತು ನಿಮಿಷ ಸಾಕು. ಬೆಳಗಿನ ಸವಾರಿ, ಬೆವರಾರಿದ ಮೇಲೆ ಸ್ನಾನ, ಅನಂತರ ಲಿಂಗಪೂಜೆ, ಪ್ರಸಾದ ಎಂಬ ಕ್ರಮ ನಮ್ಮ ದಿನಚರಿಗೆ ಸಹಜವಾಗಿ ಹೊಂದುತ್ತದೆ. ಸಕ್ಕರೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಹೊರಡುವ ಮುನ್ನ ತಮ್ಮ ವೈದ್ಯರನ್ನು ಕೇಳಬೇಕು, ಜೇಬಿನಲ್ಲಿ ಗ್ಲೂಕೋಸು ಅಥವಾ ಸಕ್ಕರೆ ಇಟ್ಟುಕೊಳ್ಳಬೇಕು. ಎದೆ ಹಿಂಡಿದಂತಾದರೆ, ನೋವು ಎಡಗೈಗೆ ಅಥವಾ ದವಡೆಗೆ ಹರಿದರೆ, ಎಣ್ಣೆ ಕಷಾಯ ಎನ್ನುತ್ತ ಹೊತ್ತು ಕಳೆಯದೆ ನೇರವಾಗಿ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಬೇಕು.

ಉತ್ಸಾಹಿ ತರುಣರಿಗೆ ಒಂದು ಮಾತು. ಬಂಡೀಪುರ, ಬಿಳಿಗಿರಿರಂಗನ ಬೆಟ್ಟ ಎರಡೂ ಹುಲಿ ಸಂರಕ್ಷಿತ ಪ್ರದೇಶಗಳು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಡಿನ ಒಳದಾರಿ ಹಿಡಿಯಬೇಡಿ. ಆನೆಯ ಎದುರು ಯಾವ ಗೇರೂ ಕೆಲಸಕ್ಕೆ ಬಾರದು. ಊರಿನ ಓಣಿಗಳೇ ನಮಗೆ ಸಾಕಷ್ಟಿವೆ.

ಆ ಭಕ್ತರ ಸೈಕಲ್ಲನ್ನು ಒಂದು ದಿನ ತರಿಸಿ ನೋಡಿದೆ. ಅರಿಶಿನ ತೂಗುವ ಕೊಕ್ಕೆ ತಕ್ಕಡಿಗೆ ಹಾಕಿದರೆ 19 ಕಿಲೋ. ಸೀಟನ್ನು ಮೂರು ಇಂಚು ಏರಿಸಿದೆವು. ಗೇರಿನ ಕೇಬಲ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಕೊಂಡ ದಿನದಿಂದ ಒಂದೇ ಗೇರಿನಲ್ಲಿ, ಅದೂ ಅತಿ ಭಾರದ್ದರಲ್ಲಿ ತುಳಿದಿದ್ದರು. ಐವತ್ತು ರೂಪಾಯಿಯ ಕೇಬಲ್ ಹಾಕಿಸಿ, ಮಂಡಿಗೆ ಎಣ್ಣೆ ತಿಕ್ಕಿಸಿ, ಹದಿನೈದು ದಿನ ವಿಶ್ರಾಂತಿ ಕೊಟ್ಟು ಮತ್ತೆ ಹತ್ತಿಸಿದೆ. ಈಗ ಬೆಳಗ್ಗೆ ಕೆರೆ ಏರಿಯವರೆಗೆ ಹೋಗಿ ಬರುತ್ತಾರೆ, ನೋವು ಮರುಕಳಿಸಿಲ್ಲ. ಮುಂದಿನ ಅರಿಶಿನದ ಬೆಳೆಗೆ ಹಗುರವಾದದ್ದೊಂದನ್ನು ಕೊಳ್ಳುವ ಮನಸ್ಸಿದೆಯಂತೆ. ಅಂಗಡಿಗೆ ಹೋಗುವಾಗ ಕೊಕ್ಕೆ ತಕ್ಕಡಿಯನ್ನು ಜೊತೆಗೇ ಒಯ್ಯುತ್ತೇನೆ ಎಂದಿದ್ದಾರೆ.