ರೂಬಿಸ್ಕೊ (ಸ್ವಪೋಷಕ ಬ್ಯಾಕ್ಟೀರಿಯಗಳಲ್ಲಿ)

ರೂಬಿಸ್ಕೊ ಎಂಬುದು ಇಂಗಾಲದ ಡೈಆಕ್ಸೈಡನ್ನು ಹಿಡಿದು, ಅದರ ಇಂಗಾಲವನ್ನು ಜೀವಿಗಳಿಗೆ ಒದಗುವ ಸಾವಯವ ರೂಪಕ್ಕೆ ತರುವ ಕಿಣ್ವ. ಇದರ ಪೂರ್ಣ ಹೆಸರು ರೈಬುಲೋಸ್-1,5-ಬಿಸ್‌ಫಾಸ್ಫೇಟ್ ಕಾರ್ಬಾಕ್ಸಿಲೇಸ್/ಆಕ್ಸಿಜನೇಸ್. ಹಸಿರು ಎಲೆಗಳಲ್ಲಿ ಹೇರಳವಾಗಿರುವುದರಿಂದ ಇದು ಸಸ್ಯಗಳ ಕಿಣ್ವವೆಂದೇ ಹೆಸರಾಗಿದೆ. ವಾಸ್ತವವಾಗಿ ಸಸ್ಯಗಳು ಹುಟ್ಟುವುದಕ್ಕೆ ಬಹಳ ಮೊದಲೇ ಇದು ಬ್ಯಾಕ್ಟೀರಿಯಗಳಲ್ಲಿತ್ತು. ಸಸ್ಯಕೋಶದ ಹರಿದ್ರೇಣುಗಳು ಸಯನೋಬ್ಯಾಕ್ಟೀರಿಯಗಳಿಂದ ವಿಕಾಸಗೊಂಡಿದ್ದು, ಅವುಗಳೊಡನೆ ಈ ಕಿಣ್ವವೂ ಬಳುವಳಿಯಾಗಿ ಬಂದಿತು.

ತಮ್ಮ ದೇಹದ ಇಂಗಾಲವನ್ನು ಇಂಗಾಲದ ಡೈಆಕ್ಸೈಡಿನಿಂದಲೇ ಪಡೆಯುವ ಜೀವಿಗಳನ್ನು ಸ್ವಪೋಷಕಗಳೆನ್ನುತ್ತಾರೆ. ಇದಕ್ಕೆ ಸೂರ್ಯನ ಬೆಳಕು ಇರಲೇಬೇಕೆಂದಿಲ್ಲ. ಗಂಧಕ, ಕಬ್ಬಿಣ, ಅಮೋನಿಯ ಅಥವಾ ಜಲಜನಕವನ್ನು ಉತ್ಕರ್ಷಿಸಿ ಶಕ್ತಿ ಪಡೆಯುವ ಅನೇಕ ಬ್ಯಾಕ್ಟೀರಿಯಗಳು ಕತ್ತಲೆಯಲ್ಲಿಯೇ ಈ ಕೆಲಸ ಮಾಡುತ್ತವೆ. ಎಲ್ಲ ಸ್ವಪೋಷಕ ಬ್ಯಾಕ್ಟೀರಿಯಗಳಲ್ಲಿಯೂ ರೂಬಿಸ್ಕೊ ಇರುತ್ತದೆಂದು ಭಾವಿಸಬಾರದು. ಹಸಿರು ಗಂಧಕ ಬ್ಯಾಕ್ಟೀರಿಯಗಳು ಕ್ರೆಬ್ಸ್ ಚಕ್ರವನ್ನು ಹಿಮ್ಮುಖವಾಗಿ ನಡೆಸಿ ಇಂಗಾಲವನ್ನು ಸ್ಥಿರೀಕರಿಸುತ್ತವೆ.

ಶೋಧ ಮತ್ತು ಹೆಸರು

1947ರಲ್ಲಿ ಸ್ಯಾಮ್ ವೈಲ್ಡ್‌ಮನ್ ಮತ್ತು ಜೇಮ್ಸ್ ಬಾನರ್ ಪಾಲಕ್ ಸೊಪ್ಪಿನ ಎಲೆಗಳ ಪ್ರೋಟೀನುಗಳಲ್ಲಿ ಅತಿ ಹೆಚ್ಚಾಗಿದ್ದ ಒಂದನ್ನು ಗುರುತಿಸಿ ಅದನ್ನು ‘ಒಂದನೆಯ ಭಾಗದ ಪ್ರೋಟೀನು’ ಎಂದು ಕರೆದರು. ಅದೇ ಇಂಗಾಲವನ್ನು ಸ್ಥಿರೀಕರಿಸುವ ಕಿಣ್ವವೆಂಬುದು ನಂತರ ತಿಳಿಯಿತು. ‘ರೂಬಿಸ್ಕೊ’ ಎಂಬ ಗಿಡ್ಡ ಹೆಸರು ಬಂದದ್ದು 1979ರಲ್ಲಿ. ಡೇವಿಡ್ ಐಸೆನ್‌ಬರ್ಗ್ ಅದನ್ನು ವಿನೋದಕ್ಕೆಂದು ಸೂಚಿಸಿದರು. ಉದ್ದ ಹೆಸರು ಯಾರ ಬಾಯಲ್ಲಿಯೂ ನಿಲ್ಲದ ಕಾರಣ ವಿನೋದವೇ ಶಾಶ್ವತವಾಯಿತು.

ಕ್ರಿಯೆ

ರೈಬುಲೋಸ್ ಬಿಸ್‌ಫಾಸ್ಫೇಟ್ ಎಂಬುದು ಐದು ಇಂಗಾಲದ ಪರಮಾಣುಗಳುಳ್ಳ ಸಕ್ಕರೆಯ ಸಂಯುಕ್ತ. ಅದರ ಒಂದನೆಯ ಮತ್ತು ಐದನೆಯ ಇಂಗಾಲಗಳಿಗೆ ಒಂದೊಂದು ಫಾಸ್ಫೇಟ್ ಅಂಟಿಕೊಂಡಿದೆ ಎಂಬುದನ್ನೇ ಹೆಸರಿನಲ್ಲಿರುವ ‘1,5’ ಮತ್ತು ‘ಬಿಸ್’ ಹೇಳುತ್ತವೆ. ರೂಬಿಸ್ಕೊ ಇದಕ್ಕೆ ಇಂಗಾಲದ ಡೈಆಕ್ಸೈಡಿನ ಒಂದು ಅಣುವನ್ನು ಸೇರಿಸುತ್ತದೆ. ಹೀಗೆ ಉಂಟಾದ ಆರು ಇಂಗಾಲದ ಸಂಯುಕ್ತವು ಅಲ್ಲಿಯೇ ಒಡೆದು, ಮೂರು ಇಂಗಾಲಗಳ 3-ಫಾಸ್ಫೊಗ್ಲಿಸರೇಟ್‌ನ ಎರಡು ಅಣುಗಳಾಗುತ್ತದೆ. ಇವು ಕ್ಯಾಲ್ವಿನ್ ಚಕ್ರದ ಮೂಲಕ ಸಾಗಿ ಸಕ್ಕರೆಗೂ ಕೋಶದ ಇತರ ಘಟಕಗಳಿಗೂ ಮೂಲವಾಗುತ್ತವೆ.

ಈ ಕ್ರಿಯೆಗೆ ಮುನ್ನ ಕಿಣ್ವವೇ ಸಜ್ಜಾಗಬೇಕು. ಕ್ರಿಯಾಸ್ಥಾನದಲ್ಲಿರುವ ಲೈಸಿನ್ ಎಂಬ ಅಮೈನೊ ಆಮ್ಲಕ್ಕೆ ಇಂಗಾಲದ ಡೈಆಕ್ಸೈಡಿನ ಮತ್ತೊಂದು ಅಣು ಅಂಟಿ, ಅದಕ್ಕೆ ಮೆಗ್ನೀಸಿಯಮ್ ಅಯಾನು ಕೂಡಿಕೊಂಡ ಮೇಲಷ್ಟೇ ಕಿಣ್ವವು ಸಕ್ರಿಯವಾಗುತ್ತದೆ. ಈ ಅಣು ಆಹಾರವಾಗುವುದಿಲ್ಲ. ಪಠ್ಯಗಳಲ್ಲಿ ಇದನ್ನು ಸ್ಪಷ್ಟವಾಗಿ ಹೇಳದಿರುವುದರಿಂದ ವಿದ್ಯಾರ್ಥಿಗಳು ಎರಡೂ ಅಣುಗಳನ್ನು ಒಂದೇ ಎಂದು ಗೊಂದಲಗೊಳ್ಳುವುದುಂಟು.

ರಚನೆ

ಬ್ಯಾಕ್ಟೀರಿಯಗಳಲ್ಲಿ ಮುಖ್ಯವಾಗಿ ಎರಡು ರೂಪಗಳು ಕಂಡುಬರುತ್ತವೆ. ಮೊದಲನೆಯ ರೂಪದಲ್ಲಿ ಎಂಟು ದೊಡ್ಡ ಮತ್ತು ಎಂಟು ಚಿಕ್ಕ ಉಪಘಟಕಗಳಿರುತ್ತವೆ. ಸಸ್ಯಗಳಲ್ಲಿರುವುದೂ ಇದೇ. ಎರಡನೆಯ ರೂಪದಲ್ಲಿ ಚಿಕ್ಕ ಉಪಘಟಕಗಳೇ ಇಲ್ಲ. ನೇರಳೆ ಬಣ್ಣದ ದ್ಯುತಿಸಂಶ್ಲೇಷಕ ಬ್ಯಾಕ್ಟೀರಿಯವಾದ ರೋಡೊಸ್ಪೈರಿಲ್ಲಮ್ ರೂಬ್ರಮ್‌ನಲ್ಲಿ ಕೇವಲ ಎರಡು ದೊಡ್ಡ ಉಪಘಟಕಗಳು ಸೇರಿ ಕಿಣ್ವವಾಗಿವೆ. ಕ್ರಿಯಾಸ್ಥಾನವು ಈ ಎರಡು ಘಟಕಗಳು ಸಂಧಿಸುವ ಎಡೆಯಲ್ಲಿದ್ದು ಎರಡರ ಅಮೈನೊ ಆಮ್ಲಗಳೂ ಅದರಲ್ಲಿ ಪಾಲುಗೊಳ್ಳುತ್ತವೆ. ಆದ್ದರಿಂದ ಒಂಟಿ ಘಟಕವು ನಿಷ್ಕ್ರಿಯ. ಸರಳವಾದ ಈ ಕಿಣ್ವದ ಸ್ಫಟಿಕ ರಚನೆಯನ್ನು 1986ರಲ್ಲಿ ಪ್ರಕಟಿಸಲಾಯಿತು.

ಆಮ್ಲಜನಕದೊಡನೆ ತೊಡಕು

ರೂಬಿಸ್ಕೊವಿನ ಅತ್ಯಂತ ಪ್ರಸಿದ್ಧ ಗುಣ ಅದರ ದೋಷವೇ ಆಗಿದೆ. ಅದು ಇಂಗಾಲದ ಡೈಆಕ್ಸೈಡಿನ ಬದಲು ಆಮ್ಲಜನಕವನ್ನೂ ಸೇರಿಸಿಕೊಳ್ಳುತ್ತದೆ. ಆಗ 3-ಫಾಸ್ಫೊಗ್ಲಿಸರೇಟ್‌ನ ಒಂದೇ ಅಣು ಲಭಿಸುತ್ತದೆ. ಜೊತೆಗೆ ಉಂಟಾಗುವ ಎರಡು ಇಂಗಾಲಗಳ ಫಾಸ್ಫೊಗ್ಲೈಕೊಲೇಟನ್ನು ಮತ್ತೆ ಬಳಕೆಗೆ ತರಲು ಶಕ್ತಿಯೂ ಇಂಗಾಲವೂ ನಷ್ಟವಾಗುತ್ತವೆ.

ಎರಡೂ ಅನಿಲಗಳು ಸಮಪ್ರಮಾಣದಲ್ಲಿ ಕರಗಿರುವಾಗ ಕಿಣ್ವವು ಆಮ್ಲಜನಕಕ್ಕಿಂತ ಎಷ್ಟು ಪಟ್ಟು ಹೆಚ್ಚಾಗಿ ಇಂಗಾಲದ ಡೈಆಕ್ಸೈಡನ್ನು ಆರಿಸುತ್ತದೆ ಎಂಬುದನ್ನು ‘ನಿರ್ದಿಷ್ಟತಾ ಅಂಶ’ ಎನ್ನುತ್ತಾರೆ. ಇದು ಪಾಲಕ್ ಸೊಪ್ಪಿನಲ್ಲಿ ಸುಮಾರು 80, ರೋಡೊಸ್ಪೈರಿಲ್ಲಮ್ ರೂಬ್ರಮ್‌ನಲ್ಲಿ ಸುಮಾರು 12. ಈ ಅಂಕಿಗಳ ಅರ್ಥ ಒಂದು ಸಣ್ಣ ಲೆಕ್ಕದಿಂದ ಸ್ಪಷ್ಟವಾಗುತ್ತದೆ. ಗಾಳಿಗೆ ತೆರೆದಿಟ್ಟ ನೀರಿನಲ್ಲಿ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಆಮ್ಲಜನಕವು ಸುಮಾರು 20 ಪಟ್ಟು ಹೆಚ್ಚು ಕರಗಿರುತ್ತದೆ. ಅಲ್ಲಿ ಪಾಲಕ್ ಸೊಪ್ಪಿನ ಕಿಣ್ವವು ನಾಲ್ಕು ಸಲ ಸರಿಯಾದ ಕ್ರಿಯೆ ನಡೆಸಿದರೆ ಒಂದು ಸಲ ತಪ್ಪುತ್ತದೆ. ಬ್ಯಾಕ್ಟೀರಿಯದ ಕಿಣ್ವವೋ ಮೂರು ಸಲ ಸರಿ, ಐದು ಸಲ ತಪ್ಪು. ಅಂಥ ಕಿಣ್ವವನ್ನು ನೆಚ್ಚಿ ಗಾಳಿಯಲ್ಲಿ ಬದುಕುವುದು ಅಸಾಧ್ಯ.

ಆದರೆ ಈ ಬ್ಯಾಕ್ಟೀರಿಯ ದ್ಯುತಿಸಂಶ್ಲೇಷಣೆ ನಡೆಸುವುದು ಆಮ್ಲಜನಕವಿಲ್ಲದ ನೆಲೆಗಳಲ್ಲಿ ಮಾತ್ರ. ತಪ್ಪಲು ಅವಕಾಶವೇ ಇಲ್ಲದ ಕಡೆ ಕಿಣ್ವವು ತಪ್ಪದಂತೆ ತಿದ್ದಿಕೊಳ್ಳಬೇಕಾದ ಒತ್ತಡವಿಲ್ಲ. ರೂಬಿಸ್ಕೊ ಮೊದಲು ಹುಟ್ಟಿದ ಕಾಲದಲ್ಲಿಯೂ ಪರಿಸ್ಥಿತಿ ಹೀಗೆಯೇ ಇತ್ತು. ವಾತಾವರಣದಲ್ಲಿ ಆಮ್ಲಜನಕವು ಸೇರತೊಡಗಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಅದನ್ನು ಸೇರಿಸಿದವು ರೂಬಿಸ್ಕೊವನ್ನೇ ಬಳಸುತ್ತಿದ್ದ ಸಯನೋಬ್ಯಾಕ್ಟೀರಿಯಗಳು. ಇದನ್ನು ‘ದಕ್ಷತೆಯಿಲ್ಲದ ಕಿಣ್ವ’ ಎಂದು ಜರೆಯುವ ರೂಢಿ ಇರುವುದರಿಂದ ಈ ಹಿನ್ನೆಲೆಯನ್ನು ಗಮನಿಸಬೇಕು.

ನಿಧಾನವೆಂಬ ಆಕ್ಷೇಪವೂ ಎಲ್ಲ ರೂಪಗಳಿಗೆ ಸಮನಾಗಿ ಸಲ್ಲದು. ಸಸ್ಯಗಳ ರೂಬಿಸ್ಕೊವಿನ ಒಂದು ಕ್ರಿಯಾಸ್ಥಾನವು ಸೆಕೆಂಡಿಗೆ ಸುಮಾರು 3 ಅಣುಗಳನ್ನು ಮಾತ್ರ ಸ್ಥಿರೀಕರಿಸುತ್ತದೆ; ಸಯನೋಬ್ಯಾಕ್ಟೀರಿಯಗಳದು 10ಕ್ಕೂ ಹೆಚ್ಚು. ಕಬ್ಬಿಣವನ್ನು ಉತ್ಕರ್ಷಿಸುವ ಗ್ಯಾಲಿಯೊನೆಲ್ಲ ಕುಲದ ಬ್ಯಾಕ್ಟೀರಿಯವೊಂದರ ಎರಡನೆಯ ರೂಪದ ಕಿಣ್ವವು ಸೆಕೆಂಡಿಗೆ ಸುಮಾರು 22 ಅಣುಗಳನ್ನು ಸ್ಥಿರೀಕರಿಸುತ್ತದೆಂದು 2020ರಲ್ಲಿ ವರದಿಯಾಯಿತು. ಸಾಮಾನ್ಯವಾಗಿ ವೇಗ ಹೆಚ್ಚಿದಲ್ಲಿ ಆಯ್ಕೆಯ ನಿಖರತೆ ಕಡಿಮೆ, ನಿಖರತೆ ಹೆಚ್ಚಿದಲ್ಲಿ ವೇಗ ಕಡಿಮೆ.

ಕಾರ್ಬಾಕ್ಸಿಸೋಮ್

ಗಾಳಿಯ ಸಂಪರ್ಕದಲ್ಲಿ ಬದುಕುವ ಹಲವು ಬ್ಯಾಕ್ಟೀರಿಯಗಳು ಕಿಣ್ವವನ್ನು ತಿದ್ದುವ ಬದಲು ಅದಕ್ಕೊಂದು ಪ್ರತ್ಯೇಕ ಕೋಣೆಯನ್ನೇ ಕಟ್ಟಿಕೊಂಡಿವೆ. 1973ರಲ್ಲಿ ಜೆಸಪ್ ಶೈವ್ಲಿ ಮತ್ತು ಸಂಗಡಿಗರು, ಈಗ ಹ್ಯಾಲೊಥಯೊಬ್ಯಾಸಿಲಸ್ ನಿಯಾಪೊಲಿಟನಸ್ ಎನಿಸಿಕೊಳ್ಳುವ ಗಂಧಕ ಬ್ಯಾಕ್ಟೀರಿಯದಿಂದ ಬಹುಮುಖಿ ಆಕಾರದ ಸೂಕ್ಷ್ಮ ಕಾಯಗಳನ್ನು ಬೇರ್ಪಡಿಸಿ, ಅವುಗಳಲ್ಲಿ ರೂಬಿಸ್ಕೊ ತುಂಬಿರುವುದನ್ನು ತೋರಿಸಿದರು. ಇವೇ ಕಾರ್ಬಾಕ್ಸಿಸೋಮ್‌ಗಳು. ಸುಮಾರು 100 ನ್ಯಾನೊಮೀಟರ್ ಅಗಲದ ಈ ಕಾಯಗಳ ಹೊರಕವಚವು ಮೇದಸ್ಸಿನದಲ್ಲ, ಸಂಪೂರ್ಣವಾಗಿ ಪ್ರೋಟೀನಿನದು.

ಕೋಶವು ಬೈಕಾರ್ಬನೇಟನ್ನು ಹೊರಗಿನಿಂದ ಎಳೆದು ಕೂಡಿಡುತ್ತದೆ. ಅದು ಕವಚವನ್ನು ದಾಟಿ ಒಳಬಂದಾಗ ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವ ಅದನ್ನು ಇಂಗಾಲದ ಡೈಆಕ್ಸೈಡಾಗಿ ಮಾರ್ಪಡಿಸುತ್ತದೆ. ಅನಿಲವು ಸುಲಭವಾಗಿ ಸೋರಿಹೋಗದೆ ರೂಬಿಸ್ಕೊವಿನ ಸುತ್ತಲೇ ದಟ್ಟವಾಗುವುದರಿಂದ ಆಮ್ಲಜನಕದ ಪೈಪೋಟಿ ಕುಗ್ಗುತ್ತದೆ.

ನಿಯಂತ್ರಣ

ಕಿಣ್ವದ ತಯಾರಿಕೆ ಪರಿಸರಕ್ಕೆ ತಕ್ಕಂತೆ ಬದಲಾಗುತ್ತದೆ. ರೋಡೊಬ್ಯಾಕ್ಟರ್ ಸ್ಫೀರಾಯ್ಡಿಸ್ ಎಂಬ ಬ್ಯಾಕ್ಟೀರಿಯದಲ್ಲಿ ಎರಡೂ ರೂಪಗಳಿದ್ದು, ಇಂಗಾಲದ ಡೈಆಕ್ಸೈಡ್ ವಿರಳವಾದಾಗ ಮೊದಲನೆಯದು, ಹೇರಳವಾದಾಗ ಎರಡನೆಯದು ಮೇಲುಗೈ ಪಡೆಯುತ್ತದೆ.

ಬೆಳೆಗಳಲ್ಲಿ ಬಳಸುವ ಪ್ರಯತ್ನ

ಬ್ಯಾಕ್ಟೀರಿಯದ ವೇಗದ ಕಿಣ್ವವನ್ನು ಬೆಳೆಗಳಿಗೆ ಕೊಟ್ಟು ಇಳುವರಿ ಹೆಚ್ಚಿಸಬಹುದೇ ಎಂಬುದು ಆಹಾರೋತ್ಪಾದನೆಗೆ ಸಂಬಂಧಿಸಿದ ದೊಡ್ಡ ಪ್ರಶ್ನೆ. 2014ರಲ್ಲಿ ವಿಜ್ಞಾನಿಗಳು ತಂಬಾಕು ಗಿಡದ ರೂಬಿಸ್ಕೊವನ್ನು ತೆಗೆದು ಸಯನೋಬ್ಯಾಕ್ಟೀರಿಯವೊಂದರ ಕಿಣ್ವವನ್ನು ಅದರ ಸ್ಥಾನದಲ್ಲಿ ಇರಿಸಿದರು. ಗಿಡವು ಆ ಕಿಣ್ವದಿಂದಲೇ ಬೆಳೆಯಿತು. ಆದರೆ ಅದಕ್ಕೆ ಸಾಮಾನ್ಯ ಗಾಳಿ ಸಾಲದೆ ಇಂಗಾಲದ ಡೈಆಕ್ಸೈಡಿನ ಪ್ರಮಾಣವನ್ನು ಬಹಳ ಹೆಚ್ಚಿಸಬೇಕಾಯಿತು. ಕಿಣ್ವದೊಡನೆ ಅದರ ಕೋಣೆ ಬಂದಿರಲಿಲ್ಲ. ಕಾರ್ಬಾಕ್ಸಿಸೋಮಿನ ಭಾಗಗಳನ್ನು ಎಲೆಯ ಹರಿದ್ರೇಣುಗಳೊಳಗೆ ಕಟ್ಟುವ ಪ್ರಯೋಗಗಳು ಆ ಬಳಿಕ ಮುಂದುವರಿದಿವೆ.