ಚೆಂದ ಕಂಡರೆ ಸಾಲದು, ಅರ್ಥವಾಗಬೇಕು

ಸಾಫ್ಟ್‌ವೇರ್ ವಿನ್ಯಾಸ ಎಂದರೆ ಬಣ್ಣ, ಚಿತ್ರ, ಅಕ್ಷರದ ಅಂದ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಆದರೆ ಬಳಸುವವರು ಯಾರು, ಅವರು ಎಲ್ಲಿ ಎಡವಬಹುದು ಎಂದು ಮೊದಲೇ ಯೋಚಿಸುವುದೇ ವಿನ್ಯಾಸದ ಮುಖ್ಯ ಕೆಲಸ. ವಾಣಿಜ್ಯ ವಿಭಾಗದ ನಮಗೆ ಇದಕ್ಕೆ ಹತ್ತಿರದ ಉದಾಹರಣೆ ಯುಪಿಐ.

ಎನ್‌ಪಿಸಿಐ ಸಂಸ್ಥೆ ಯುಪಿಐಯನ್ನು ಆರಂಭಿಸಿದ್ದು 2016ರಲ್ಲಿ. ಅದಕ್ಕೂ ಮೊದಲು ಬ್ಯಾಂಕ್ ಖಾತೆಗೆ ಹಣ ಕಳಿಸಲು ಸಾಮಾನ್ಯವಾಗಿ ಉದ್ದನೆಯ ಖಾತೆ ಸಂಖ್ಯೆ ಮತ್ತು 11 ಅಕ್ಷರಗಳ ಐಎಫ್‌ಎಸ್‌ಸಿ ಕೋಡ್ ತುಂಬಬೇಕಿತ್ತು. ಒಂದು ಅಂಕಿ ತಪ್ಪಿದರೂ ತೊಂದರೆ. ಈಗ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸಾಕು, ಪಡೆಯುವವರ ಹೆಸರು ಪರದೆಯ ಮೇಲೆ ಬರುತ್ತದೆ. ಅಂದರೆ, "ಜಾಗ್ರತೆಯಿಂದ ತುಂಬಿರಿ" ಎಂದು ಬುದ್ಧಿ ಹೇಳುವ ಬದಲು ತುಂಬುವ ಕೆಲಸವನ್ನೇ ತೆಗೆದುಹಾಕಿದರು. 2022ರಲ್ಲಿ ಬಂದ ಯುಪಿಐ 123ಪೇ, ಸ್ಮಾರ್ಟ್‌ಫೋನ್ ಇಲ್ಲದವರಿಗೂ ಕೀಪ್ಯಾಡ್ ಫೋನಿನಿಂದ ಹಣ ಕಳಿಸುವ ದಾರಿ ತೆರೆಯಿತು.

ನಮ್ಮ ಅಬ್ಬಾ ಅವರದು ಸಣ್ಣ ಕಿರಾಣಿ ಅಂಗಡಿ. ಕೈಯಲ್ಲಿ ತಕ್ಕಡಿ, ಎದುರಿಗೆ ನಾಲ್ಕು ಗಿರಾಕಿಗಳು ಇರುವಾಗ ಮೆಸೇಜ್ ಓದಲು ಪುರುಸೊತ್ತು ಎಲ್ಲಿ? ಸೌಂಡ್‌ಬಾಕ್ಸ್ ಬಂದ ಮೇಲೆ ಹಣ ಬಿದ್ದ ಕೂಡಲೇ ಅದು ಕನ್ನಡದಲ್ಲಿ ಕೂಗಿ ಹೇಳುತ್ತದೆ. ಅಬ್ಬಾ ಓದುವುದು ಉರ್ದು, ಆದರೆ ಕನ್ನಡ ಕೇಳಿದರೆ ಚೆನ್ನಾಗಿ ತಿಳಿಯುತ್ತದೆ. ಅಂಗಡಿಯವರ ಕಣ್ಣಿಗೆ ಬಿಡುವಿಲ್ಲ, ಕಿವಿಗೆ ಇದೆ ಎಂದು ಯಾರೋ ಗಮನಿಸಿದ್ದರಿಂದ ಆದ ಉಪಕಾರ ಇದು.

ಯೋಚನೆ ಕಡಿಮೆಯಾದರೆ ನಷ್ಟವೂ ದೊಡ್ಡದು. ಯುಪಿಐನಲ್ಲಿ ಹಣ ಕೇಳಿ ವಿನಂತಿ ಕಳಿಸುವ 'ಕಲೆಕ್ಟ್' ಎಂಬ ಸೌಲಭ್ಯವಿತ್ತು. ವಂಚಕರು ಅದನ್ನು ಕಳಿಸಿ, "ನಿಮಗೆ ಹಣ ಬರುತ್ತದೆ, ಪಿನ್ ಒತ್ತಿ" ಎಂದು ನಂಬಿಸುತ್ತಿದ್ದರು. ಪಿನ್ ಒತ್ತಿದರೆ ಹಣ ಬರುವುದಿಲ್ಲ, ಹೋಗುತ್ತದೆ. ನಮ್ಮ ಮೊಹಲ್ಲಾದ ಒಬ್ಬರು ಖಾಲಾ ಹೀಗೆಯೇ ಮಗಳ ಫೀಸಿನ ಹಣ ಕಳೆದುಕೊಂಡರು. "ಓದಿ ನೋಡಬಾರದಿತ್ತೇ?" ಎಂದು ಎಲ್ಲರೂ ಅವರನ್ನೇ ಬೈದರು. ಪರದೆಯ ಮೇಲಿದ್ದದ್ದು ಇಂಗ್ಲಿಷ್. ಅವರಿಗೆ ಬರುವುದು ಉರ್ದು ಮಾತ್ರ. ಮೋಸ ಮಾಡಿದವನು ಅಪರಾಧಿ, ನಿಜ. ಆದರೆ ಮೋಸಕ್ಕೆ ಬಾಗಿಲು ತೆರೆದಿಟ್ಟದ್ದು ವಿನ್ಯಾಸ. 2025ರ ಅಕ್ಟೋಬರ್ 1ರಿಂದ ವ್ಯಕ್ತಿಗಳ ನಡುವಿನ ಈ ಕಲೆಕ್ಟ್ ವಿನಂತಿಯನ್ನು ಎನ್‌ಪಿಸಿಐ ನಿಲ್ಲಿಸಿದೆ. ಎಚ್ಚರಿಕೆಯ ಮಾತು ಬರೆಯುವುದಕ್ಕಿಂತ ಬಾಗಿಲು ಮುಚ್ಚುವುದು ಹೆಚ್ಚು ಕೆಲಸ ಮಾಡುತ್ತದೆ.

ನಮ್ಮಲ್ಲಿ ಹಲವರು ಮುಂದೆ ಬಿಸಿಎ ಸೇರುತ್ತಾರೆ, ಕೆಲವರು ಸ್ವಂತ ವ್ಯಾಪಾರಕ್ಕೆ ಆ್ಯಪ್ ಮಾಡಿಸುತ್ತಾರೆ. ಆಗ ಮೂರು ಪ್ರಶ್ನೆ ಕೇಳೋಣ. ಇದನ್ನು ಬಳಸುವವರಿಗೆ ಯಾವ ಭಾಷೆ ಬರುತ್ತದೆ? ಅವಸರದಲ್ಲಿದ್ದವರು ಎಲ್ಲಿ ತಪ್ಪು ಒತ್ತುತ್ತಾರೆ? ತಪ್ಪು ಒತ್ತಿದರೆ ಹಿಂದೆ ಬರಲು ದಾರಿ ಇದೆಯೇ? ಈ ಪ್ರಶ್ನೆಗಳಿಗೆ ಕೋಡಿಂಗ್ ಗೊತ್ತಿರಬೇಕಿಲ್ಲ, ಅಂಗಡಿಯ ಗಲ್ಲಾದ ಪಕ್ಕ ಒಂದು ಸಂಜೆ ಕೂತು ನೋಡಿದರೆ ಸಾಕು.

ವಂಚಕರು ಹೊಸ ದಾರಿ ಹುಡುಕುತ್ತಲೇ ಇರುತ್ತಾರೆ. ಆದ್ದರಿಂದ ಇವತ್ತೇ ಮನೆಯ ಹಿರಿಯರಿಗೆ, ಅವರ ಭಾಷೆಯಲ್ಲೇ, ಒಂದು ಮಾತು ಹೇಳಿ: ಹಣ ಪಡೆಯಲು ಪಿನ್ ಬೇಡ.